ರಚನೆ ಅನ್ನೋ ಕಾಲಂನಲ್ಲಿ ಯಾರ ಹೆಸರು ಬರೆಯಲಿ?

ಮೊದಲ ಹಾಡನ್ನು ಆನ್‌ಲೈನ್‌ಗೆ ಹಾಕಿದ್ದು 2019ರಲ್ಲಿ, ಯಳಂದೂರಿನ ಒಂದು ಸೈಬರ್ ಸೆಂಟರ್‌ನಲ್ಲಿ ಕೂತು. ನಮ್ಮ ಪೋಡಿನಲ್ಲಿ, ಅಂದರೆ ಬೆಟ್ಟದ ಮೇಲಿನ ನಮ್ಮ ಸೋಲಿಗರ ಊರಿನಲ್ಲಿ, ನೆಟ್‌ವರ್ಕ್ ಬೇಕಂದ್ರೆ ಬಂಡೆ ಹತ್ತಬೇಕು. ಬಂಡೆ ಮೇಲೆ ನಿಂತು 40 ಎಂಬಿ ಫೈಲ್ ಕಳಿಸೋಕಾಗುತ್ತಾ? ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಬೆಟ್ಟ ಇಳಿದೆ. ಹಾಡನ್ನು ಆ್ಯಪ್‌ಗಳಿಗೆ ಹಂಚೋ ಸೇವೆಯ ಫಾರ್ಮಿನಲ್ಲಿ ಹಾಡಿನ ಹೆಸರು ತುಂಬಿದೆ, ಹಾಡಿದವನ ಹೆಸರು ತುಂಬಿದೆ. ಭಾಷೆಯ ಪಟ್ಟಿಯಲ್ಲಿ ಸೋಲಿಗ ನುಡಿ ಇರಲಿಲ್ಲ, ಕನ್ನಡ ಅಂತ ಒತ್ತಿದೆ. ಆಮೇಲೆ ಬಂತು ನೋಡಿ, 'ಗೀತೆ ರಚಿಸಿದವರ ಪೂರ್ತಿ ಹೆಸರು'. ಪಕ್ಕದಲ್ಲಿ ಕೆಂಪು ಚುಕ್ಕಿ, ಅಂದರೆ ಖಾಲಿ ಬಿಡೋ ಹಾಗಿಲ್ಲ.

ಆ ಹಾಡಿನ ಮೊದಲ ನಾಲ್ಕು ಸಾಲು ಅಜ್ಜಿ ಹೇಳ್ತಿದ್ದದ್ದು. ಉಳಿದ ಹನ್ನೆರಡು ನನ್ನವು. ಹಿಂದೆ ಬೇರೆಯವರು ಕಂಪ್ಯೂಟರಿಗೆ ಕಾಯ್ತಿದ್ದರು, ಸುಮ್ನೆ ನನ್ನ ಹೆಸರು ಬರೆದು ಮುಗಿಸಿದೆ. ಆ ಒಂದು ಕಾಲಂ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. 'ಗೊರುಕ ಗೊರುಕ ಗೊರುಕಾನ' ಅಂತ ಸುತ್ತು ಕಟ್ಟಿ ಕುಣಿಯೋ ಹಾಡನ್ನು ಟಿವಿಯಲ್ಲೋ ದಸರಾ ಮೆರವಣಿಗೆಯಲ್ಲೋ ನೀವು ಕೇಳಿರ್ತೀರಿ. ನಮ್ಮಲ್ಲಿ ಹಾಡೋಕೆ ಬರಲ್ಲ ಅನ್ನೋರು ಕಡಿಮೆ. ಬೆಟ್ಟದ ರಂಗಪ್ಪ ನಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ದೇವರು ನಮಗೆ ಭಾವ. ಭಾವನನ್ನು ರೇಗಿಸೋ ಹಾಡೇ ಬೇಕಾದಷ್ಟಿವೆ. ಯಾರು ಕಟ್ಟಿದ್ದು ಅಂತ ಕೇಳಿದರೆ ನಗ್ತಾರೆ.

ಹಾಸ್ಟೆಲ್‌ನಲ್ಲಿ ಓದುವಾಗ ಒಬ್ಬ ಸೀನಿಯರ್ ಗಿಟಾರ್ ಬಾರಿಸೋದನ್ನು ನೋಡಿ ಹುಚ್ಚು ಹಿಡೀತು. ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಗಿಟಾರ್ ತಗೊಂಡೆ, ಒಂದು ಸೀಸನ್ ಜೇನು ಮಾರಿದ ದುಡ್ಡಲ್ಲಿ. ಅಪ್ಪ ಒಂದು ವಾರ ಮಾತಾಡಲಿಲ್ಲ.

ರೆಕಾರ್ಡಿಂಗ್ ವಿಷಯಕ್ಕೆ ಬರ್ತೀನಿ, ಮೆಸೇಜ್ ಮಾಡೋ ಹುಡುಗರು ಜಾಸ್ತಿ ಕೇಳೋದು ಇದನ್ನೇ. ನನ್ನ ಹತ್ತಿರ ಇರೋದು ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸೋ ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕು, ಹಳೇ ಲ್ಯಾಪ್‌ಟಾಪ್, ರೆಕಾರ್ಡ್ ಮಾಡೋಕೆ ರೀಪರ್ ಅನ್ನೋ ಸಾಫ್ಟ್‌ವೇರ್. ಅಷ್ಟೇ. ಗೋಡೆಗೆ ಕಂಬಳಿ ಕಟ್ಟಿದರೆ ರೂಮಿನ ಗುಂಯ್ ಸದ್ದು ಅರ್ಧ ಸಾಯುತ್ತೆ. ಜೀರುಂಡೆ ಮಾತ್ರ ಯಾವ ಕಂಬಳಿಗೂ ಬಗ್ಗಲ್ಲ, ಅದಕ್ಕೇ ಸಂಜೆ ರೆಕಾರ್ಡ್ ಮಾಡೋದು ಬಿಟ್ಟೆ. ಈಗ ಬೆಳಗ್ಗೆ ಐದೂವರೆಯಿಂದ ಏಳು, ಕರೆಂಟ್ ಇದ್ದರೆ.

ಅಜ್ಜಿಯ ಹಾಡು ಹಿಡಿಯೋಕೆ ಹೋದಾಗ ಕಲಿತದ್ದು ಇನ್ನೊಂದು. ಮೊದಲು ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ನಿಮಿಷಕ್ಕೆ 96ರ ಲೆಕ್ಕದಲ್ಲಿ ಟಕ್ ಟಕ್ ಅಂತ ಕ್ಲಿಕ್ ಬಿಟ್ಟೆ. ಎರಡು ಸಾಲು ಹಾಡಿ ಹೆಡ್‌ಫೋನ್ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು. "ಇದ್ಯಾವ್ದ್ಲಾ ಮರಕುಟುಕ ಕೂರ್ಸಿದ್ದೀಯ ಕಿವಿ ಒಳ್ಗೆ?" ಅಂದಳು. ಅವಳು ಹೇಳಿದ್ದು ಸರಿ. ಗೊರುಕ ಶುರುವಾಗೋದು ನಿಧಾನಕ್ಕೆ, ಕಾಲು ಬಿಸಿಯಾದ ಹಾಗೆ ಓಡುತ್ತೆ, ಅದನ್ನು ಒಂದೇ ಲೆಕ್ಕಕ್ಕೆ ಕಟ್ಟಿದರೆ ಕುಣಿಯೋಕಾಗಲ್ಲ. ಶ್ರುತಿ ಕತೆಯೂ ಅಷ್ಟೇ. ಅವಳು ಎತ್ತಿಕೊಳ್ಳೋ ಸ್ವರ ಗಿಟಾರಿನ ಎರಡು ಮೆಟ್ಟಿಲ ನಡುವೆ ಬೀಳುತ್ತೆ. ಪಿಚ್ ಸರಿಮಾಡೋ ಸಾಫ್ಟ್‌ವೇರ್ ಹಾಕಿ ನೋಡಿದೆ, ಅಜ್ಜಿ ದನಿ ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ತರ ಆಯ್ತು. ಅಳಿಸಿಹಾಕಿದೆ. ಈಗ ಅವಳು ಮೊದಲು ಹಾಡ್ತಾಳೆ, ಅವಳ ದನಿಗೆ ನಾನು ತಂತಿ ಬಿಗಿ ಮಾಡ್ಕೋತೀನಿ.

ಆ ಮೊದಲ ಹಾಡು ಆನ್‌ಲೈನ್‌ನಲ್ಲಿ ಬಂದ ಮೇಲೆ ಫೋನಿನಲ್ಲಿ ಅಜ್ಜಿಗೆ ತೋರಿಸಿದ್ದೆ. ಪಕ್ಕದಲ್ಲಿದ್ದ ತಂಗಿ ಜೋರಾಗಿ ಓದಿದಳು, ರಚನೆ ಅಂತ ನನ್ನ ಹೆಸರು. ಅಜ್ಜಿ ಸಿಟ್ಟಾಗಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು. "ನೀ ಹುಟ್ಟೋಕ್ ಮುಂಚೆನೂ ಹಾಡ್ತಿದ್ದೋ ಕಣ್ಲಾ" ಅಂತ ಎಲೆ ಅಡಿಕೆ ಹಾಕಿಕೊಂಡಳು. ಆದರೆ ನಮ್ಮ ಪೋಡಿನ ಯಜಮಾನರು ಅಷ್ಟಕ್ಕೆ ಬಿಡಲಿಲ್ಲ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆ ಕೆಳಗೆ ನಮ್ಮ ಬೆಟ್ಟದ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತ್ತು, ಅದಕ್ಕಾಗಿ ಓಡಾಡಿದವರು ಅವರು. "ಕಾಡಿನ ಪತ್ರ ಯಾರ ಹೆಸರಲ್ಲಿ ಅದೆ? ಗ್ರಾಮಸಭೆ ಹೆಸರಲ್ಲಿ ತಾನೇ? ಹಾಡ್ಗೆ ಮಾತ್ರ ನಿನ್ ಹೆಸ್ರಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ವಾರ ಮತ್ತೆ ಯಳಂದೂರಿಗೆ ಹೋಗಿ ತಿದ್ದಿದೆ: ಸಾಂಪ್ರದಾಯಿಕ, ಸೋಲಿಗ ಸಮುದಾಯ. ನಾನು ಸೇರಿಸಿದ ಸಾಲುಗಳಿಗೆ ಮಾತ್ರ ನನ್ನ ಹೆಸರು.

ಇದೆಲ್ಲ ಬರೀ ಭಾವನೆಯ ವಿಷಯ ಅಂದ್ಕೋಬೇಡಿ, ದುಡ್ಡಿನ ವಿಷಯವೂ ಹೌದು. ಒಂದು ಸಲ ನಮ್ಮ ರಾಗಿ ಸುಗ್ಗಿಯ ರೊಟ್ಟಿಹಬ್ಬದಲ್ಲಿ ನಮ್ಮವರೇ ಹಾಡಿದ ಗೊರುಕವನ್ನು ಯೂಟ್ಯೂಬ್‌ಗೆ ಹಾಕಿದೆ. ಊಟ ಮಾಡಿ ಬರೋಷ್ಟರಲ್ಲಿ ಕಾಪಿರೈಟ್ ಕ್ಲೇಮ್. ಯಾವುದೋ ಕಂಪನಿ ಡಿಜೆ ಮಿಕ್ಸ್ ಮಾಡಿ ಅದೇ ಹಾಡನ್ನು ತನ್ನದು ಅಂತ ನೋಂದಾಯಿಸಿಟ್ಟಿತ್ತು, ನಮ್ಮ ವಿಡಿಯೋದ ಜಾಹೀರಾತು ದುಡ್ಡು ಅವರಿಗೆ! ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಡಿಸ್ಪ್ಯೂಟ್ ಹಾಕಿ, ಇದು ಪರಂಪರೆಯ ಹಾಡು, ಯಾರ ಆಸ್ತಿಯೂ ಅಲ್ಲ ಅಂತ ಬರೆದೆ. ಕ್ಲೇಮ್ ಮಾಡಿದವರಿಗೆ ಉತ್ತರ ಕೊಡೋಕೆ 30 ದಿನ ಇರುತ್ತೆ. ಅವರು ಕೊಡಲಿಲ್ಲ, ಕ್ಲೇಮ್ ತಾನಾಗೇ ಬಿದ್ದುಹೋಯ್ತು.

ಆದರೆ ಅಲ್ಲೇ ನನಗೆ ನನ್ನದೇ ತಪ್ಪು ಕಂಡಿದ್ದು. ಹಾಡು ಹಂಚೋ ಸೇವೆಗಳಲ್ಲಿ ಒಂದು ಪುಟ್ಟ ಚೌಕ ಇರುತ್ತೆ, 'ಕಂಟೆಂಟ್ ಐಡಿಗೆ ಸೇರಿಸಬೇಕಾ' ಅಂತ. ಬೇರೆಯವರ ವಿಡಿಯೋದಲ್ಲಿ ಆ ಹಾಡು ಬಂದರೆ ಯೂಟ್ಯೂಬ್ ತಾನಾಗೇ ಗುರುತಿಸಿ ಕ್ಲೇಮ್ ಹಾಕೋ ವ್ಯವಸ್ಥೆ ಅದು. ದುಡ್ಡು ಬರುತ್ತಲ್ಲ ಅಂತ ಎಲ್ಲ ಹಾಡಿಗೂ ಟಿಕ್ ಹಾಕಿದ್ದೆ. ಅಂದರೆ ನಾಳೆ ಪಕ್ಕದ ಪೋಡಿನ ಹುಡುಗಿ ಇದೇ ಹಾಡು ಹಾಡಿ ವಿಡಿಯೋ ಹಾಕಿದರೆ ನನ್ನ ಹೆಸರಲ್ಲಿ ಕ್ಲೇಮ್ ಹೋಗಬಹುದು. ಆ ಕಂಪನಿಗೂ ನನಗೂ ಏನು ವ್ಯತ್ಯಾಸ? ಈಗ ಪೂರ್ತಿ ನಾನೇ ಕಟ್ಟಿದ ಹಾಡಿಗೆ ಮಾತ್ರ ಟಿಕ್. ಹಳೇ ಹಾಡಿನ ಅಂಶ ಒಂದು ಸಾಲಿದ್ದರೂ ಇಲ್ಲ.

ಯೂಟ್ಯೂಬ್ ದುಡ್ಡಿನದು ಇನ್ನೊಂದು ಕತೆ. ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ವಿಳಾಸ ಖಚಿತಪಡಿಸೋಕೆ ಒಂದು ಪಿನ್ ನಂಬರನ್ನು ಅಂಚೆಯಲ್ಲಿ ಕಳಿಸ್ತಾರೆ. ನನ್ನ ವಿಳಾಸದಲ್ಲಿ ಡೋರ್ ನಂಬರ್ ಇಲ್ಲ, ರಸ್ತೆ ಹೆಸರಿಲ್ಲ, ಪೋಡಿನ ಹೆಸರನ್ನೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೀತಾರೆ. ಮೊದಲ ಕಾಗದ ಬರಲೇ ಇಲ್ಲ, ಎರಡನೆಯದೂ ಇಲ್ಲ. ಮೂರನೇ ಸಲ ಪೋಸ್ಟ್ ಮಾಸ್ಟರ್ ಹತ್ತಿರ ಹೋಗಿ, "ಸಾರ್, ಇಂಥ ಒಂದು ಕಾಗದ ಬರುತ್ತೆ, ಮೇಲಕ್ಕೆ ಕಳಿಸಬೇಡಿ, ನಾನೇ ಬರ್ತೀನಿ" ಅಂತ ನನ್ನ ಫೋನ್ ನಂಬರ್ ಕೊಟ್ಟು ಬಂದೆ. ಬಂತು. ಸ್ವಲ್ಪ ನೆನೆದಿತ್ತು, ಆರು ಅಂಕಿ ಓದೋ ಹಾಗಿತ್ತು. ಅಷ್ಟಕ್ಕೇ ದುಡ್ಡು ಬರಲ್ಲ, 100 ಡಾಲರ್ ಆದ ಮೇಲೆ ಬ್ಯಾಂಕಿಗೆ. ನನಗೆ ಅದಕ್ಕೆ ಹದಿನಾಲ್ಕು ತಿಂಗಳು ಹಿಡೀತು. ಸ್ಪಾಟಿಫೈಯಲ್ಲಿ 2024ರಿಂದ ಒಂದು ಹಾಡನ್ನು 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿರಬೇಕು, ಇಲ್ಲದಿದ್ದರೆ ಆ ಹಾಡಿಗೆ ಲೆಕ್ಕವೇ ಇಲ್ಲ. ನನ್ನ ಒಂಬತ್ತರಲ್ಲಿ ನಾಲ್ಕು ಆ ಗೆರೆ ದಾಟಿಲ್ಲ. ಹೊಟ್ಟೆಪಾಡು ಅಂದ್ರೆ ಕಾರ್ಯಕ್ರಮಗಳೇ, ಜೊತೆಗೆ ಕಾಫಿ ಕೆಲಸ, ಜೇನು.

ಕಾರ್ಯಕ್ರಮದವರು ಫೋನಿನಲ್ಲಿ ಕೇಳೋ ಮೊದಲ ಪ್ರಶ್ನೆ, "ಸೊಪ್ಪಿನ ಡ್ರೆಸ್ ಹಾಕ್ಕೊಂಡ್ ಬರ್ತೀರಾ?" ಗಿಟಾರ್ ಇದೆ ಅಂದರೆ ಮುಖ ಸಣ್ಣದಾಗೋದು ಫೋನಿನಲ್ಲೇ ಗೊತ್ತಾಗುತ್ತೆ. ಮೊದಲೆಲ್ಲ ಸೊಪ್ಪು ಕಟ್ಟಿಕೊಂಡೆ, ಬಿಡಿ, ಹಸಿವಿತ್ತು. ಈಗ ಅಂಗಿ ಪ್ಯಾಂಟಿನಲ್ಲೇ ಬರೋದು ಅಂತ ಮೊದಲೇ ಹೇಳಿಬಿಡ್ತೀನಿ. ಸಂಭಾವನೆ ಎಷ್ಟು, ಅರ್ಧ ಮುಂಗಡ ಯಾವಾಗ, ರಾತ್ರಿ ಉಳಿಯೋಕೆ ಎಲ್ಲಿ, ಮೂರೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ತೀನಿ. ಉಳಿಯೋ ಜಾಗ ಯಾಕಂದ್ರೆ, ಕಾರ್ಯಕ್ರಮ ರಾತ್ರಿ ಹತ್ತಕ್ಕೆ ಮುಗಿದರೆ ನಮ್ಮ ಬೆಟ್ಟಕ್ಕೆ ವಾಪಸ್ ಹೋಗೋಕಾಗಲ್ಲ, ಚೆಕ್‌ಪೋಸ್ಟ್ ಗೇಟ್ ಹಾಕಿರುತ್ತೆ, ದಾರಿಯಲ್ಲಿ ಆನೆ. ಬಸ್‌ಸ್ಟ್ಯಾಂಡಿನಲ್ಲಿ ಶಾಲು ಹೊದ್ದುಕೊಂಡು ಮಲಗಿದ್ದೀನಿ, ಅದೇ ಸಂಜೆ ಸ್ಟೇಜಿನ ಮೇಲೆ ಹೊದಿಸಿದ ಶಾಲು. ಒಂದು ಕಚೇರಿಯಿಂದ ಬರಬೇಕಾದ ದುಡ್ಡಿಗೆ ಏಳು ತಿಂಗಳು ತಿರುಗಿದೆ, ಕೊನೆಗೆ ಬಸ್ ಚಾರ್ಜಿಗೇ ಕಾಲುಭಾಗ ಹೋಗಿತ್ತು.

2022ರಲ್ಲಿ ಕೇರಳದ ಅಟ್ಟಪ್ಪಾಡಿಯ ಇರುಳ ಬುಡಕಟ್ಟಿನ ನಂಜಿಯಮ್ಮ ಅವರಿಗೆ ಹಿನ್ನೆಲೆ ಗಾಯಕಿ ಅಂತ ರಾಷ್ಟ್ರ ಪ್ರಶಸ್ತಿ ಬಂತಲ್ಲ, ತಮ್ಮ ನುಡಿಯಲ್ಲಿ ತಾವೇ ಕಟ್ಟಿದ ಹಾಡಿಗೆ. ಸಂಗೀತ ಕಲಿಯದವರಿಗೆ ಯಾಕೆ ಕೊಟ್ಟರು ಅಂತ ಕೆಲವರು ತಕರಾರು ತೆಗೆದರು. ಇರಲಿ. ನಮ್ಮ ಪೋಡಿನಲ್ಲಿ ಅವತ್ತು ಹಬ್ಬ. ಆಮೇಲೆ ನನಗೂ ಫೋನ್ ಬರೋಕೆ ಶುರುವಾಯ್ತು, "ಆ ತರದ್ದು ಒಂದು ಇದೆಯಾ?" ಅಂತ. ಒಬ್ಬರು 15,000 ರೂಪಾಯಿಗೆ ನಾಲ್ಕು ಪುಟದ ಒಪ್ಪಂದ ಕಳಿಸಿದರು, ಎಲ್ಲ ಹಕ್ಕು, ಪ್ರಪಂಚದಾದ್ಯಂತ, ಶಾಶ್ವತವಾಗಿ. ಗೊತ್ತಿರೋ ವಕೀಲರಿಗೆ ತೋರಿಸಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಹಾಡು ಬರೆದವನ, ರಾಗ ಕಟ್ಟಿದವನ ರಾಯಲ್ಟಿ ಪಾಲನ್ನು ಕಂಪನಿಯವರು ತಮ್ಮ ಹೆಸರಿಗೆ ಬರೆಸಿಕೊಳ್ಳೋಕಾಗಲ್ಲ ಅಂದರು. ಒಪ್ಪಂದದಲ್ಲಿ ಅವಧಿ ಹಾಕದಿದ್ದರೆ ಕಾನೂನು ಅದನ್ನು ಐದೇ ವರ್ಷ ಅಂತ ಓದುತ್ತೆ, ಜಾಗ ಹೇಳದಿದ್ದರೆ ಭಾರತ ಮಾತ್ರ. ಅದಕ್ಕೇ ಅವರು 'ಶಾಶ್ವತ' ಅಂತ ಅಷ್ಟು ಒತ್ತಿ ಬರೆದಿರೋದು ಅಂತ ನಕ್ಕರು. ಐದು ವರ್ಷಕ್ಕಾದರೆ ಕೊಡ್ತೀನಿ ಅಂತ ಉತ್ತರ ಬರೆದೆ. ಆ ಕಡೆಯಿಂದ ಮತ್ತೆ ಸುದ್ದಿಯಿಲ್ಲ. ಬೇಜಾರಾಯ್ತು, 15,000 ಸಣ್ಣ ಮೊತ್ತ ಅಲ್ಲ ನಮಗೆ. ಆದರೆ ಅವತ್ತೇ ಐಪಿಆರ್‌ಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕಿದೆ, ಹಾಡು ಬರೆದವರಿಗೆ, ರಾಗ ಕಟ್ಟಿದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡೋ ಸಂಸ್ಥೆ ಅದು, ಹಾಡು ಕಟ್ಟೋರು ಇದನ್ನು ಮುಂದೂಡಬೇಡಿ.

ಹಳೇ ಹಾಡಿನಿಂದ ಬಂದ ದುಡ್ಡಿನಲ್ಲಿ ಅರ್ಧ ಯಜಮಾನರ ಕೈಗೆ, ವರ್ಷಕ್ಕೊಮ್ಮೆ ರೊಟ್ಟಿಹಬ್ಬಕ್ಕೆ. ಹೋದ ವರ್ಷ ಅದು ರಾಗಿಹಿಟ್ಟಿಗೆ ಸಾಕಾಯ್ತು, ಬೆಲ್ಲಕ್ಕೆ ಸಾಲಲಿಲ್ಲ.

ಈಗ ಹೊಸದೊಂದು ಕಟ್ಟಿದ್ದೀನಿ, ತರಗು ಬೆಂಕಿ ಮೇಲೆ. ಹಿಂದೆ ನಮ್ಮ ಹಿರಿಯರು ಒಣಗಿದ ತರಗಿಗೆ ಸಣ್ಣ ಬೆಂಕಿ ಕೊಡ್ತಿದ್ದರು, ಅದು ನಿಂತ ಮೇಲೆ ಲಂಟಾನ ಅನ್ನೋ ಕಳೆಗಿಡ ಕಾಡನ್ನೇ ನುಂಗಿತು ಅಂತ ಅವರು ಹೇಳೋದು. ಸಾಲು, ರಾಗ ಎಲ್ಲ ನನ್ನದೇ, ಅನುಮಾನವೇ ಇರಲಿಲ್ಲ. ಹಾಸ್ಟೆಲ್ ಮಕ್ಕಳಿಗೆ ಒಂದು ಸಲ ಹಾಡಿ ತೋರಿಸಿದೆ. ಎರಡು ವಾರ ಬಿಟ್ಟು ಹೋದರೆ ಅವರು ಅದನ್ನು ಕುಣಿತಕ್ಕೆ ಹೊಂದಿಸಿಕೊಂಡು, ಎರಡನೇ ಸಾಲು ಬದಲಿಸಿ, ಕೊನೆಗೆ ಒಂದು 'ಗೊರುಕಾನ' ಸೇರಿಸಿಬಿಟ್ಟಿದ್ದರು. ನನ್ನ ಸಾಲಿಗಿಂತ ಅದೇ ಚೆನ್ನಾಗಿದೆ, ಹಾಗೇ ರೆಕಾರ್ಡ್ ಮಾಡಿದೆ. ಫೈಲ್ ರೆಡಿ ಇದೆ. ಫಾರ್ಮು ತುಂಬಿದ್ದೀನಿ, ರಚನೆ ಅನ್ನೋ ಕಾಲಂ ಒಂದು ಬಿಟ್ಟು. ಮೂರು ವಾರದಿಂದ ಡ್ರಾಫ್ಟ್‌ನಲ್ಲೇ ಕೂತಿದೆ.