ಟ್ರಿಮ್ ವೀಲ್ ತಿರುಗುತ್ತಿಲ್ಲವೇ? ಬಲ ಹಾಕುವ ಮೊದಲು ಇಷ್ಟು ನೋಡಿ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು. ಆಮೇಲೆ ಅಲ್ಲಿಗೆ ಪೈಲಟ್ ತರಬೇತಿ ಶಾಲೆಗಳೂ ಬಂದವು. ಈ ಲೇಖನ ಅಲ್ಲಿ ಕಲಿಯುವವರಿಗೆ, ವಿಮಾನ ರಿಪೇರಿ ಓದುವವರಿಗೆ. ಸುಮ್ನೆ ಕುತೂಹಲ ಇದ್ದವರೂ ಓದಬಹುದು.

ವಿಮಾನದ ಮೂಗನ್ನು ಏರಿಸಿ ಇಳಿಸುವುದು ಬಾಲದ ಎಲಿವೇಟರ್, ಅಂದರೆ ಮೇಲೆ ಕೆಳಗೆ ಆಡುವ ಹಲಗೆ. ಹಾರುವಷ್ಟು ಹೊತ್ತೂ ಯೋಕ್ (ಪೈಲಟ್ ಹಿಡಿಯುವ ಸ್ಟೀರಿಂಗ್) ಎಳೆದುಕೊಂಡೇ ಕೂತರೆ ಕೈ ಸೋಲುತ್ತದೆ, ಅಲ್ವಾ? ಆ ಭಾರ ಇಳಿಸಲು ಇರುವುದೇ ಟ್ರಿಮ್. ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಪೈಲಟ್ ಕೈಗೆ ಸಿಗುವ ಟ್ರಿಮ್ ವೀಲ್ ತಿರುಗಿಸಿದರೆ ಚೈನು, ಕೇಬಲ್ಲುಗಳ ಮೂಲಕ ಬಾಲದಲ್ಲಿರುವ ಆಕ್ಚುಯೇಟರ್ ತಿರುಗುತ್ತದೆ. ಅದರೊಳಗೆ ಕಾರಿನ ಜ್ಯಾಕ್‌ನಂಥ ಸ್ಕ್ರೂ ಇದೆ. ಬಲಗಡೆ ಎಲಿವೇಟರ್‌ನ ಹಿಂದಂಚಿನ ಟ್ಯಾಬನ್ನು, ಅಂದರೆ ಪುಟ್ಟ ಹಲಗೆಯನ್ನು, ಅದೇ ಆಡಿಸುತ್ತದೆ.

ಹಾರುವಾಗಲೇ ಟ್ರಿಮ್ ಸಿಕ್ಕಿಕೊಂಡರೆ ಮೊದಲು ಯೋಕ್ ಗಟ್ಟಿಯಾಗಿ ಹಿಡಿಯಿರಿ. ಆಟೋಪೈಲಟ್ ಬಿಡಿಸಿ. ಮೋಟರಿನಿಂದ ಓಡುವ ವಿದ್ಯುತ್ ಟ್ರಿಮ್ ಇದ್ದರೆ ಆಫ್ ಮಾಡಿ, ಅದರ ಸರ್ಕ್ಯೂಟ್ ಬ್ರೇಕರ್ ಎಳೆಯಿರಿ. ಎಷ್ಟೋ ಸಲ ವೀಲನ್ನು ಹಿಡಿದಿಟ್ಟಿರುವುದು ಆ ಮೋಟರೇ. ಆದರೂ ಬಿಡದಿದ್ದರೆ ಜಗ್ಗಾಡಬೇಡಿ. ಕೈಗೆ ಭಾರ ಕಡಿಮೆ ಅನಿಸುವ ವೇಗಕ್ಕೆ ಬನ್ನಿ, ಟವರ್‌ಗೆ ತಿಳಿಸಿ, ಉದ್ದ ರನ್‌ವೇಗೆ ನೇರವಾಗಿ ಇಳಿಯಿರಿ. ಫ್ಲ್ಯಾಪನ್ನು (ರೆಕ್ಕೆಯ ಹಿಂದಂಚಲ್ಲಿ ಕೆಳಗಿಳಿಯುವ ಹಲಗೆ) ಒಂದೊಂದೇ ಹಂತ ಹಾಕಿ. ಫ್ಲ್ಯಾಪ್ ಬಿದ್ದಾಗಲೂ ಪವರ್ ಬದಲಿಸಿದಾಗಲೂ ಮೂಗು ಆಡುತ್ತದೆ, ಅದನ್ನು ಸರಿದೂಗಿಸಲು ಈಗ ನಿಮ್ಮ ಕೈ ಒಂದೇ. ಇಳಿದ ಮೇಲೆ ಟೆಕ್ ಲಾಗ್‌ನಲ್ಲಿ, ಅಂದರೆ ವಿಮಾನದ ದೋಷ ದಾಖಲಿಸುವ ಪುಸ್ತಕದಲ್ಲಿ, ಬರೆಯಿರಿ. ಮುಂದಿನ ಕೆಲಸ ಲೈಸೆನ್ಸ್ ಇರುವ ಇಂಜಿನಿಯರ್‌ದು.

ಹ್ಯಾಂಗರ್‌ನಲ್ಲಿ ಅರ್ಧ ಉತ್ತರ ವೀಲೇ ಹೇಳುತ್ತದೆ. ಸಲೀಸಾಗಿ ತಿರುಗಿದರೂ ಟ್ಯಾಬ್ ಅಲ್ಲಾಡದಿದ್ದರೆ ಚೈನು ಕಳಚಿದೆ, ಇಲ್ಲವೇ ಕೇಬಲ್ ತುಂಡಾಗಿದೆ. ಒಂದೇ ಜಾಗದಲ್ಲಿ ತಡೆದರೆ ಕೇಬಲ್ಲಿನ ಎಳೆ ಬಿಚ್ಚಿ ಪುಲ್ಲಿಗೆ ಸಿಕ್ಕಿರಬಹುದು. ಹತ್ತಿ ಬಟ್ಟೆಯಿಂದ ಕೇಬಲ್ ಉಜ್ಜುತ್ತಾ ಹೋದರೆ ಮುರಿದ ಎಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಬೇಡ, ಕುಯ್ಯುತ್ತದೆ. ವೀಲಿನ ಕೆಳಗೆ ಬಿದ್ದ ಪೆನ್ನು, ಸ್ಕ್ರೂ ಕೂಡ ಚೈನನ್ನು ತಡೆಯಬಲ್ಲವು. ಟಾರ್ಚ್ ಹಿಡಿದು ಅಲ್ಲೂ ನೋಡಿ.

ಉದ್ದಕ್ಕೂ ಬಿಗಿಯಾಗಿದ್ದರೆ ಇಡೀ ಸಾಲನ್ನು ಎರಡು ಭಾಗ ಮಾಡಬೇಕು. ಟ್ಯಾಬಿಗೆ ಬರುವ ರಾಡನ್ನು ಬಿಚ್ಚಿ ಟ್ಯಾಬನ್ನು ಕೈಯಲ್ಲಿ ಆಡಿಸಿ. ಅದು ಬಿಗಿಯೇ? ಹಾಗಾದರೆ ತಪ್ಪು ಹಿಂಜ್‌ನಲ್ಲಿದೆ, ಪಿನ್ನು ತುಕ್ಕು ಹಿಡಿದಿರಬಹುದು. ಟ್ಯಾಬ್ ಸಲೀಸು, ವೀಲ್ ಮಾತ್ರ ಬಿಗಿ ಅಂದರೆ ಆಕ್ಚುಯೇಟರ್, ಚೈನು, ಪುಲ್ಲಿಗಳ ಕಡೆ ಬನ್ನಿ. ನಮ್ಮ ಕಡೆ ನನಗೆ ಜಾಸ್ತಿ ಅನುಮಾನ ಆಕ್ಚುಯೇಟರ್ ಮೇಲೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಎರೆಮಣ್ಣಿನ ಧೂಳು ಬೇರೆ. ಹಳೇ ಗ್ರೀಸು ಧೂಳು ಹಿಡಿದು ಗಟ್ಟಿಯಾಗುತ್ತದೆ. ಅದರ ಮೇಲೆ ಎಣ್ಣೆ ಸ್ಪ್ರೇ ಹೊಡೆಯುವ ಆಸೆ ಬರುತ್ತದೆ. ಬೇಡ. ಎರಡು ದಿನ ಸಲೀಸಾಗಿ ತಿರುಗಿ, ಆಮೇಲೆ ಇನ್ನಷ್ಟು ಧೂಳು ಎಳೆದುಕೊಳ್ಳುತ್ತದೆ. ಬಿಚ್ಚಿ ತೊಳೆದು, ಮ್ಯಾನುಯಲ್ ಹೇಳಿದ ಗ್ರೀಸೇ ಹಾಕಬೇಕು.

ಜೋಡಿಸಿದ ಮೇಲೆ ಕೇಬಲ್ ಬಿಗಿತ, ಟ್ಯಾಬ್ ಓಡುವ ಅಳತೆ, ಅದರ ಸಡಿಲ, ಮೂರನ್ನೂ ಮ್ಯಾನುಯಲ್ ಪ್ರಕಾರ ನೋಡಿ. ಕೊನೆಗೆ ದಿಕ್ಕು. ವೀಲನ್ನು 'ಮೂಗು ಮೇಲೆ' ಕಡೆ ತಿರುಗಿಸಿದರೆ ಟ್ಯಾಬ್ ಕೆಳಗೆ ಹೋಗಬೇಕು. ಹೊಸಬರಿಗೆ ಇದು ಉಲ್ಟಾ ಕಾಣುತ್ತದೆ. ಆದರೆ ಕೆಳಗಿಳಿದ ಟ್ಯಾಬನ್ನು ಗಾಳಿ ಮೇಲಕ್ಕೆ ಒತ್ತುತ್ತದೆ, ಎಲಿವೇಟರ್ ಮೇಲೇರುತ್ತದೆ, ಬಾಲ ತಗ್ಗಿ ಮೂಗು ಏಳುತ್ತದೆ. ಇದನ್ನು ಕೆಲಸ ಮಾಡಿದವರಲ್ಲದೆ ಇನ್ನೊಬ್ಬರೂ ಬೇರೆಯಾಗಿ ಪರೀಕ್ಷಿಸಿ ಸಹಿ ಹಾಕಬೇಕು. ಆ ಸಹಿ ಬೀಳುವ ತನಕ ವಿಮಾನ ಹ್ಯಾಂಗರ್ ಬಿಡುವಂತಿಲ್ಲ.