ವಿಶ್ವಸಂಸ್ಥೆಯ ಸಂಬಳ, ಮನೆಯ ಕಡತ: ಕಾಸರಗೋಡಿಗೆ ಬಂದು ನೆಲೆಸಿದ ಕುಟುಂಬಗಳಿಗೆ

ದುಡಿಯುವವರು ವಿಶ್ವಸಂಸ್ಥೆಯ ಕೆಲಸಕ್ಕೆಂದು ಹೆಂಡತಿ ಮಕ್ಕಳನ್ನು ಕರೆದೊಯ್ಯಲಾಗದ ಊರಿಗೆ ಹೋಗಿದ್ದಾರೆ. ನೀವು ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಮನೆ ಮಾಡಿದ್ದೀರಿ. ನಿಮಗೆಲ್ಲ ಸ್ವಾಗತ. ನಮ್ಮ ಜಿಲ್ಲೆಯಲ್ಲಿ ಪರದೇಶದ ಸಂಬಳವೆಂದರೆ ಎಲ್ಲರಿಗೂ ನೆನಪಾಗುವುದು ಗಲ್ಫ್. ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ವಿಶ್ವಸಂಸ್ಥೆಯ ಸಂಬಳದ ಹಲವು ಬಾಬತ್ತುಗಳು ಕುಟುಂಬದ ಕಾಗದಪತ್ರ ನೋಡಿಯೇ ಮಂಜೂರಾಗುವುದು. ಆ ಕಾಗದಗಳೋ ನಿಮ್ಮ ಕಪಾಟಿನಲ್ಲಿವೆ.

ಸಂಬಳದ ಲೆಕ್ಕ

ಅಂತರರಾಷ್ಟ್ರೀಯ ನೌಕರರ ಶ್ರೇಣಿ ಪಿ-1ರಿಂದ ಪಿ-5, ಅದರ ಮೇಲೆ ಡಿ-1, ಡಿ-2. ದರಗಳನ್ನು ಅಮೆರಿಕದ ಕೇಂದ್ರ ಸರ್ಕಾರಿ ನೌಕರರ ಸಂಬಳಕ್ಕೆ ಹೋಲಿಸಿ ನಿಗದಿ ಮಾಡುತ್ತಾರೆ. ಇದನ್ನು ನೋಡಿಕೊಳ್ಳಲೆಂದೇ 1974ರಲ್ಲಿ ಸಾಮಾನ್ಯ ಸಭೆ ಅಂತರರಾಷ್ಟ್ರೀಯ ನಾಗರಿಕ ಸೇವಾ ಆಯೋಗವನ್ನು ಸ್ಥಾಪಿಸಿತು. ವಿಶ್ವಬ್ಯಾಂಕ್ ಮತ್ತು ಐಎಂಎಫ್‌ನವರ ವ್ಯವಸ್ಥೆ ಬೇರೆ, ಅವರ ಮನೆಯವರು ಹೇಳಿದ್ದನ್ನು ಕೇಳಿ ಇಲ್ಲಿ ಲೆಕ್ಕ ಹಾಕಬೇಡಿ.

ಒಟ್ಟು ಸಂಬಳದಿಂದ ‘ಸ್ಟಾಫ್ ಅಸೆಸ್‌ಮೆಂಟ್’ ಎಂಬ ಒಳತೆರಿಗೆ ಕಳೆದು ಉಳಿಯುವುದು ನಿವ್ವಳ ಮೂಲ ಸಂಬಳ. ಕೆಲಸದ ಊರಿನ ಜೀವನವೆಚ್ಚ ನೋಡಿ ಅದಕ್ಕೆ ‘ಪೋಸ್ಟ್ ಅಡ್ಜಸ್ಟ್‌ಮೆಂಟ್’ ಸೇರಿಸುತ್ತಾರೆ. ಮೂಲ ಸಂಬಳ ತಿಂಗಳಿಗೆ 8,000 ಡಾಲರ್, ಆ ಊರಿನ ಗುಣಕ (ಮೂಲ ಸಂಬಳದ ಮೇಲೆ ಸೇರುವ ಶೇಕಡಾವಾರು) 50 ಎಂದಿಟ್ಟುಕೊಳ್ಳಿ: 4,000 ಸೇರಿ 12,000. ಅವಲಂಬಿತ ಹೆಂಡತಿ ಅಥವಾ ಗಂಡ ಇದ್ದರೆ ಈ ಮೊತ್ತದ ಮೇಲೆ ಶೇ 6, ಅಂದರೆ ಇನ್ನೂ 720. ಅವರೇ ಗುಣಕ 20 ಇರುವ ಊರಿಗೆ ವರ್ಗವಾದರೆ 12,000 ಇದ್ದದ್ದು 9,600ಕ್ಕೆ ಇಳಿಯುತ್ತದೆ. ಹಿಂಬಡ್ತಿ ಆಯಿತೇನೋ ಎಂದು ಗಾಬರಿಯಾಗಬೇಡಿ. ನೀವು ಕಾಸರಗೋಡಿನಲ್ಲಿ ಕೊಡುವ ಬಾಡಿಗೆಗೂ ಈ ಗುಣಕಕ್ಕೂ ಸಂಬಂಧವಿಲ್ಲ.

ಪಿಂಚಣಿ ನಿಧಿಗೆ ಶೇ 7.9 ಕಡಿತವಾಗುತ್ತದೆ. ಸಂಸ್ಥೆ ಅದರ ಎರಡರಷ್ಟು, ಶೇ 15.8 ಹಾಕುತ್ತದೆ. ಈ ಶೇಕಡಾವಾರು ಕೈಗೆ ಬರುವ ಸಂಬಳದ ಮೇಲಲ್ಲ, ‘ಪಿಂಚಣಿಯೋಗ್ಯ ವೇತನ’ ಎಂಬ ಬೇರೆಯೇ ಪಟ್ಟಿಯ ಮೇಲೆ. ಕಡಿತ ದೊಡ್ಡದಾಗಿ ಕಾಣುವುದು ಅದಕ್ಕೇ.

ಮದುವೆ ಪ್ರಮಾಣಪತ್ರ, ಹೆಸರು

ಇಲ್ಲಿ ನಿಧಾನವಾಗಿ ಓದಿ, ಹೆಚ್ಚಿನವರು ಎಡವುವುದು ಇಲ್ಲೇ. ಕುಟುಂಬ ಒಯ್ಯಲಾಗದ ಊರಿನ ಭತ್ಯೆ 2016ರ ಜುಲೈ 1ರಂದು ಜಾರಿಗೆ ಬಂದಾಗ ಅವಲಂಬಿತರಿರುವವರಿಗೆ ವರ್ಷಕ್ಕೆ 19,800 ಡಾಲರ್, ಇಲ್ಲದವರಿಗೆ 7,500 ಎಂದು ನಿಗದಿಯಾಯಿತು. ತಿಂಗಳ ವ್ಯತ್ಯಾಸವೇ 1,025 ಡಾಲರ್. ಅವಲಂಬಿತರು ಎಂದರೆ ಮನೆಯಲ್ಲಿರುವವರಲ್ಲ, ಸಂಸ್ಥೆಯ ದಾಖಲೆಯಲ್ಲಿ ಇರುವವರು.

ದೇವಸ್ಥಾನದ ರಸೀದಿ, ಮಂಟಪದ ಚೀಟಿ, ಲಗ್ನಪತ್ರಿಕೆ ನಡೆಯುವುದಿಲ್ಲ. 2008ರ ನಿಯಮದಂತೆ ಕೇರಳದಲ್ಲಿ ಎಲ್ಲ ಮತದವರೂ ಮದುವೆ ನಡೆದ ಜಾಗದ ಪಂಚಾಯತಿಯಲ್ಲೋ ನಗರಸಭೆಯಲ್ಲೋ 45 ದಿನದೊಳಗೆ ನೋಂದಾಯಿಸಬೇಕು. ನಮ್ಮಲ್ಲಿ ಮನೆ ಗಡಿಯ ಈಚೆ, ಮದುವೆ ಮಂಟಪ ಆಚೆ ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಇರುವುದು ಮಾಮೂಲು. ಅಂಥವರು ಇಲ್ಲಿನ ಪಂಚಾಯತಿಗೆ ಅಲೆದು ಪ್ರಯೋಜನವಿಲ್ಲ, ಅಲ್ಲಿನ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ.

ಹೆಸರಿನ ತೊಡಕು ಇನ್ನೂ ದೊಡ್ಡದು. ಶಾಲೆಯ ಸರ್ಟಿಫಿಕೇಟಿನಲ್ಲಿ ‘ಶ್ಯಾಮ ಭಟ್ ಕೆ.’, ಪಾಸ್‌ಪೋರ್ಟಿನಲ್ಲಿ ‘ಕೆ.’ ಬಿಡಿಸಿ ಮನೆಹೆಸರು, ಮಲಯಾಳದಿಂದ ಇಂಗ್ಲಿಷಿಗೆ ಹೋದ ಮದುವೆ ಪ್ರಮಾಣಪತ್ರದಲ್ಲಿ ‘ಶ್ಯಾಂ ಭಟ್ಟ’. ನಮ್ಮ ಕಣ್ಣಿಗೆ ಒಬ್ಬರೇ, ದಾಖಲೆ ನೋಡುವವರಿಗೆ ಮೂರು ಜನ. ಎಲ್ಲವನ್ನೂ ಪಾಸ್‌ಪೋರ್ಟಿನ ಅಕ್ಷರಕ್ಕೆ ತನ್ನಿ. ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ಪಾಸ್‌ಪೋರ್ಟ್ ಮುಂದಿಟ್ಟು ಪರದೆಯ ಮೇಲೆ ಒಂದೊಂದೇ ಅಕ್ಷರ ಹೋಲಿಸಿ, ಆಮೇಲೆ ‘ಸರಿ’ ಅನ್ನಿ. 1969ರ ಭಾಷಾ ಕಾಯ್ದೆಯಂತೆ ಸರ್ಕಾರಕ್ಕೆ ಕನ್ನಡದಲ್ಲಿ ಬರೆಯುವುದು ನಮ್ಮ ಹಕ್ಕು, ಹೋರಾಡಿ ಉಳಿಸಿಕೊಂಡದ್ದು, ಬಿಡಬೇಡಿ. ಪ್ರಮಾಣಪತ್ರದ ಇಂಗ್ಲಿಷ್ ಪ್ರತಿಯನ್ನು ಮಾತ್ರ ಮರೆಯದೆ ಪಡೆಯಿರಿ.

ಹೆಂಡತಿ ಅಥವಾ ಗಂಡ ಇಲ್ಲಿ ಶಿಕ್ಷಕರೋ ಬ್ಯಾಂಕ್ ನೌಕರರೋ ಆಗಿದ್ದರೆ ಆ ಸಂಬಳವನ್ನು ವರ್ಷವರ್ಷ ಘೋಷಿಸಲೇಬೇಕು. ಮಿತಿಯೊಳಗಿದ್ದರೆ ಭತ್ಯೆಗೆ ಧಕ್ಕೆಯಿಲ್ಲ. ಮುಚ್ಚಿಟ್ಟರೆ ಕೊಟ್ಟದ್ದನ್ನೆಲ್ಲ ಹಿಂದಕ್ಕೆ ವಸೂಲು ಮಾಡುತ್ತಾರೆ, ಕೆಲಸಕ್ಕೂ ಕುತ್ತು. ಇನ್ನು, ಬರಬೇಕಾದ ಭತ್ಯೆಯನ್ನು ಒಂದು ವರ್ಷದೊಳಗೆ ಲಿಖಿತವಾಗಿ ಕೇಳದಿದ್ದರೆ ಹಳೆಯ ಬಾಕಿ ಹೋದಂತೆಯೇ. ಅಡಕೆ ಕೊಯ್ಲು ಮುಗಿಯಲಿ ಎಂದು ಮುಂದೂಡುವ ಅಭ್ಯಾಸ ಇಲ್ಲಿ ದುಬಾರಿ.

ಮಕ್ಕಳ ಶಾಲೆ

ಸ್ವದೇಶದ ಹೊರಗೆ ಕೆಲಸ ಮಾಡುವವರಿಗಷ್ಟೇ ಶಿಕ್ಷಣ ಅನುದಾನ. ಮಗು ಭಾರತದಲ್ಲಿ ಓದಿದರೂ ಸಿಗುತ್ತದೆ. 2018ರ ಪದ್ಧತಿಯಲ್ಲಿ ಮೊದಲ 11,600 ಡಾಲರ್‌ವರೆಗಿನ ಅರ್ಹ ಶುಲ್ಕಕ್ಕೆ ಶೇ 86 ವಾಪಸು ಎಂದಿತ್ತು, ಮೇಲಕ್ಕೆ ಹೋದಂತೆ ಪ್ರಮಾಣ ಇಳಿಯುತ್ತದೆ. 2,40,000 ರೂಪಾಯಿ ಬೋಧನಾ ಶುಲ್ಕ ಕಟ್ಟಿದರೆ 2,06,400 ಬರುತ್ತದೆ. ಬೋಧನಾ ಶುಲ್ಕ, ಪ್ರವೇಶ ಶುಲ್ಕ ಸೇರುತ್ತವೆ. ಬಸ್ಸು, ಪುಸ್ತಕ, ಸಮವಸ್ತ್ರ ಸೇರುವುದಿಲ್ಲ. ಎಲ್‌ಕೆಜಿಗೂ ಇಲ್ಲ. ರಸೀದಿಯಿಲ್ಲದ ಡೊನೇಷನ್ ಕೊಟ್ಟಿದ್ದರೆ ಅದಕ್ಕೆ ದಾರಿಯೇ ಇಲ್ಲ.

ಶಾಲೆಯ ಗುಮಾಸ್ತರು ‘ಒಟ್ಟು ಫೀಸ್’ ಎಂದು ಒಂದೇ ಸಾಲು ಬರೆದು ಮೊಹರು ಒತ್ತಿದರೆ ಕೈಗೆ ತೆಗೆದುಕೊಳ್ಳಬೇಡಿ. ಬಾಬತ್ತುವಾರು ಬರೆಸಿ, ಮಗುವಿನ ಪೂರ್ಣ ಹೆಸರು, ತರಗತಿ, ಶಾಲಾವರ್ಷದ ಆರಂಭ ಮತ್ತು ಕೊನೆಯ ದಿನಾಂಕ, ಸಹಿ, ಮೊಹರು ಇರಲಿ. ಮುಂಗಡ ಪಡೆದು ವರ್ಷಾಂತ್ಯದ ಲೆಕ್ಕ ಒಪ್ಪಿಸದಿದ್ದರೆ ಸಂಬಳದಲ್ಲೇ ಹಿಡಿಯುತ್ತಾರೆ.

ಹಾಸ್ಟೆಲ್ ನೆರವು ನಿಜವಾಗಿ ಹಾಸ್ಟೆಲಿನಲ್ಲಿರುವ ಮಕ್ಕಳಿಗೆ. ಅಮ್ಮನ ಜೊತೆ ಮನೆಯಲ್ಲಿದ್ದು ಶಾಲೆಗೆ ಹೋಗುವ ಮಗುವಿಗೆ ಕೇಳಬೇಡಿ.

ಮುಂದೆ ಕುಟುಂಬ ಒಯ್ಯಬಹುದಾದ ಊರಿಗೆ ವರ್ಗವಾದರೆ, ಅಲ್ಲಿನ ಭಾಷೆಯ ಶಾಲೆಗೆ ಹೋಗುವ ಮಗುವಿಗೆ ಮಾತೃಭಾಷೆ ಕಲಿಸುವ ಖರ್ಚೂ ಇದೇ ಅನುದಾನದಲ್ಲಿ ಸೇರುತ್ತದೆ. ಅರ್ಹ ಶಿಕ್ಷಕರನ್ನು ಗೊತ್ತುಮಾಡಿ ಕನ್ನಡ ಕಲಿಸಿ. ಹಣ ಕೊಡುವವರು ಇರುವಾಗಲೂ ನಮ್ಮ ಮಕ್ಕಳು ಕನ್ನಡ ಓದಲು ಬಾರದವರಾದರೆ ಆ ತಪ್ಪು ನಮ್ಮದೇ.

ಉಳಿದವು, ಚುಟುಕಾಗಿ

ಆರೋಗ್ಯ ವಿಮೆ: ನೇಮಕ, ಮದುವೆ, ಹೆರಿಗೆ ಆದ 31 ದಿನದೊಳಗೆ ಹೆಸರು ಸೇರಿಸಿ.
ಹೋಂ ಲೀವ್ (ಸ್ವದೇಶಕ್ಕೆ ಬಂದುಹೋಗುವ ರಜೆ): ಸಾಮಾನ್ಯವಾಗಿ 24 ತಿಂಗಳಿಗೊಮ್ಮೆ.
ವಿಶ್ರಾಂತಿ ರಜೆ: ಟಿಕೆಟಿನ ಹಣ ಸಂಸ್ಥೆ ಗೊತ್ತುಮಾಡಿದ ಊರಿನವರೆಗೆ ಮಾತ್ರ. ಮಂಗಳೂರಿಗೆ ಬಂದರೆ ಹೆಚ್ಚಿನದ್ದು ಕೈಯಿಂದ.
ವೇತನ ಬಡ್ತಿ: ಡಿ-2 ಶ್ರೇಣಿಯವರಿಗೆ ಎರಡು ವರ್ಷಕ್ಕೊಂದು.

ತೆರಿಗೆ

1947ರ ವಿಶ್ವಸಂಸ್ಥೆ ಸವಲತ್ತು ಮತ್ತು ವಿನಾಯಿತಿ ಕಾಯ್ದೆಯಂತೆ ಅಧಿಕಾರಿಗಳ ಸಂಬಳಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಪಿಂಚಣಿಗೂ ಇಲ್ಲ ಎಂದು ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟ್. 1981ರ 293ನೆಯ ಸುತ್ತೋಲೆಯಲ್ಲಿ ಕೇಂದ್ರ ನೇರ ತೆರಿಗೆ ಮಂಡಳಿ ಅದನ್ನು ಒಪ್ಪಿತು. ಲೆಕ್ಕಪರಿಶೋಧಕರಿಗೆ ಈ ಸಂಖ್ಯೆ ಹೇಳಿ. ಕನ್ಸಲ್ಟೆಂಟ್ ಕರಾರಿನವರು ಅಧಿಕಾರಿಗಳಲ್ಲ, ಅವರಿಗೆ ಈ ವಿನಾಯಿತಿ ಅನ್ವಯಿಸದು. ಸಂಬಳಕ್ಕೆ ತೆರಿಗೆಯಿಲ್ಲವೆಂದು ಅದರಿಂದ ಹುಟ್ಟಿದ ಬಡ್ಡಿಗೂ ಇಲ್ಲ ಎಂದುಕೊಳ್ಳಬೇಡಿ: ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಯ ಬಡ್ಡಿಗೆ ತೆರಿಗೆ ಇದೆ.

ದುಡಿಯುವವರು ತೀರಿಕೊಂಡರೆ ಪಿಂಚಣಿ ನಿಧಿಯಲ್ಲಿ ಉಳಿದ ಹಣ ಯಾರಿಗೆ ಎಂದು ಹೆಸರಿಸುವ ‘ಎ/2’ ನಮೂನೆಯಲ್ಲಿ ಯಾರ ಹೆಸರಿದೆ ಎಂದು ಈ ಸಲ ಫೋನ್ ಬಂದಾಗಲೇ ಕೇಳಿ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರಲ್ಲಿ ಅಪ್ಪನ ಹೆಸರೇ ಉಳಿದಿರಬಹುದು. ಹಾಗಿದ್ದರೆ ಹೊಸ ನಮೂನೆ ತುಂಬಿಸಿ, ಅದರ ಒಂದು ಪ್ರತಿ ಮದುವೆ ಪ್ರಮಾಣಪತ್ರದ ಜೊತೆ ಮನೆಯ ಕಡತದಲ್ಲಿರಲಿ.