ಹಳೆಯ ಸೇವ್ ಕೆಡದಂತೆ ವಯಸ್ಕರ ಕಥಾ ಗೇಮನ್ನು ಕಂತು ಕಂತಾಗಿ ಕಟ್ಟುವ ಬಗೆ: ನನ್ನ ಅನುಭವ

ಒಬ್ಬರೋ ಇಬ್ಬರೋ ಸೇರಿ ಮಾಡುವ ವಯಸ್ಕರ ಕಥಾ ಗೇಮುಗಳು ಬಹುಪಾಲು ಕಂತುಗಳಲ್ಲೇ ಬರುತ್ತವೆ. ಎರಡು ಮೂರು ತಿಂಗಳಿಗೊಂದು ಅಧ್ಯಾಯ, ಅದನ್ನು ನಂಬಿ ತಿಂಗಳ ಚಂದಾ ಕೊಡುವ ಬೆಂಬಲಿಗರು, ಅಧ್ಯಾಯ ಬಂದ ಮೇಲೆ ವಾರಗಟ್ಟಲೆ ಕಥೆಯ ಚರ್ಚೆ. ಇದೆಲ್ಲ ನಿಂತಿರುವುದು ಒಂದೇ ಫೈಲಿನ ಮೇಲೆ. ಅದು ಆಟಗಾರರ ಸೇವ್. ಮೊದಲ ಅಧ್ಯಾಯದಲ್ಲಿ ಯಾರಿಗೆ ಸುಳ್ಳು ಹೇಳಿದರು, ಯಾರ ಜೊತೆ ಆ ರಾತ್ರಿ ಉಳಿದರು, ಯಾರನ್ನು ಬಾಗಿಲಲ್ಲೇ ಕಳಿಸಿಬಿಟ್ಟರು ಎಂಬುದೆಲ್ಲ ಅದರಲ್ಲಿ ಕೂತಿರುತ್ತದೆ. ಏಳನೇ ಅಧ್ಯಾಯ ಬಂದ ದಿನ ಅದು ತೆರೆಯದಿದ್ದರೆ, ಅಥವಾ ತೆರೆದು ಹಳೆಯ ಆಯ್ಕೆಗಳನ್ನು ಮರೆತಿದ್ದರೆ, ಮತ್ತೆ ಮೊದಲಿಂದ ಆಡುವ ತಾಳ್ಮೆ ಬಹಳ ಜನಕ್ಕೆ ಇರುವುದಿಲ್ಲ. ಹಾಗಾಗಿ ಕೋಡ್, ಕಥೆ, ಚಿತ್ರ, ಚಂದಾ ಎಲ್ಲವನ್ನೂ ನಾನು ಆ ಫೈಲನ್ನು ಕಾಯುವ ಲೆಕ್ಕದಲ್ಲೇ ಹೂಡುತ್ತೇನೆ.

ಗೇಮ್ ಕಟ್ಟುವ ತಂತ್ರಾಂಶ, ಅಂದರೆ ಎಂಜಿನ್, ರೆನ್‌ಪೈ. ಟಾಮ್ ರಾಥಮೆಲ್ 2004ರಲ್ಲಿ ಬಿಡುಗಡೆ ಮಾಡಿದ ಈ ಎಂಜಿನ್ ಉಚಿತ. ಇದರಲ್ಲಿ ಮಾಡಿದ ಗೇಮನ್ನು ಮಾರಿದರೂ ಯಾರಿಗೂ ಪಾಲು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್‌ಗೆ ಒಂದೇ ಮೂಲದಿಂದ ಬಿಲ್ಡ್, ಅಂದರೆ ಓಡಿಸಲು ಸಿದ್ಧವಾದ ಗೇಮ್, ಬರುತ್ತದೆ. ರೆನ್‌ಪೈನ 7ರ ಸರಣಿ ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಿಂತಿತ್ತು, 2022ರಲ್ಲಿ ಬಂದ 8ರ ಸರಣಿ ಪೈಥಾನ್ 3ರ ಮೇಲಿದೆ. ಕಥೆ ಅರ್ಧದಲ್ಲಿರುವಾಗ 7ರಿಂದ 8ಕ್ಕೆ ಜಿಗಿದರೆ ಹಳೆಯ ಸೇವ್‌ಗಳು ತೆರೆಯುತ್ತವೆ ಎಂಬ ಖಾತ್ರಿಯಿಲ್ಲ. ಈಗ ಶುರು ಮಾಡುವವರು 8ರಲ್ಲೇ ಶುರು ಮಾಡಲಿ. ಹಳೆಯ ಗೇಮ್ ಇರುವವರು ಒಂದು ಭಾಗ ಮುಗಿದು ಇನ್ನೊಂದು ಭಾಗ ಆರಂಭವಾಗುವ ಜಾಗದಲ್ಲಿ ಮಾತ್ರ ಎಂಜಿನ್ ಬದಲಿಸಲಿ.

ಸೇವ್‌ಗೆ ಸಂಬಂಧಿಸಿದ ಮೊದಲ ನಿಯಮ: ಕಥೆಯಲ್ಲಿ ಬದಲಾಗುವ ಪ್ರತಿಯೊಂದು ವೇರಿಯಬಲ್ಲನ್ನೂ (ಆಯ್ಕೆಗಳನ್ನು ನೆನಪಿಡುವ ಹೆಸರು) ಡೀಫಾಲ್ಟ್ ಎಂಬ ಹೇಳಿಕೆಯಿಂದ ಘೋಷಿಸಬೇಕು. ಡಿಫೈನ್ ಬದಲಾಗದ ಸಂಗತಿಗಳಿಗೆ: ಪಾತ್ರದ ಹೆಸರಿನ ಬಣ್ಣ, ಫಾಂಟು ಇತ್ಯಾದಿ. ಡಿಫೈನ್ ಮಾಡಿದ್ದು ಸೇವ್‌ಗೆ ಹೋಗುವುದಿಲ್ಲ. ಡೀಫಾಲ್ಟ್‌ನಲ್ಲಿ ಇನ್ನೊಂದು ಅನುಕೂಲವಿದೆ. ಏಳನೇ ಅಧ್ಯಾಯಕ್ಕೆ ಹೊಸದೊಂದು ವೇರಿಯಬಲ್ ಸೇರಿಸಿದರೆ, ಐದನೇ ಅಧ್ಯಾಯದ ಸೇವ್ ತೆರೆದಾಗಲೂ ರೆನ್‌ಪೈ ಅದಕ್ಕೆ ತಾನೇ ಆರಂಭಿಕ ಬೆಲೆ (ಮೌಲ್ಯ) ಕೊಡುತ್ತದೆ. ಗೇಮ್ ಶುರುವಾಗುವ ಸ್ಟಾರ್ಟ್ ಲೇಬಲ್‌ನ (ಸ್ಕ್ರಿಪ್ಟಿನ ಒಂದು ಭಾಗಕ್ಕಿಟ್ಟ ಹೆಸರು) ಕೆಳಗೆ ಡಾಲರ್ ಚಿಹ್ನೆ ಹಾಕಿ ಬೆಲೆ ಕೊಟ್ಟಿದ್ದರೆ ಹಳೆಯ ಆಟಗಾರರು ಆ ಸಾಲನ್ನು ಎಂದೋ ದಾಟಿರುತ್ತಾರೆ, ವೇರಿಯಬಲ್ ಇಲ್ಲವೆಂದು ಗೇಮ್ ಅಲ್ಲೇ ನಿಲ್ಲುತ್ತದೆ.

ಹಳೆಯ ಬೆಲೆಗಳನ್ನು ಹೊಸ ರೂಪಕ್ಕೆ ತಿರುಗಿಸಬೇಕಾದರೆ ಆಫ್ಟರ್ ಲೋಡ್ ಎಂಬ ವಿಶೇಷ ಲೇಬಲ್ ಇದೆ. ಸೇವ್ ತೆರೆದ ಕೂಡಲೇ ಅದು ಓಡುತ್ತದೆ. ಅಲ್ಲಿ ಮಾಡಿದ ಬದಲಾವಣೆ ಆಟಗಾರರು ಹಿಂದಕ್ಕೆ ಸ್ಕ್ರಾಲ್ ಮಾಡಿದ ಕ್ಷಣ ಅಳಿಸಿಹೋಗಬಹುದು, ಆದ್ದರಿಂದ ಕೊನೆಯಲ್ಲಿ ರೋಲ್‌ಬ್ಯಾಕ್ (ಹಾಗೆ ಹಿಂದೆ ಹೋಗುವುದು) ತಡೆಯುವ ಕರೆಯನ್ನು ಹಾಕಲೇಬೇಕು. ಸ್ವಂತ ಕ್ಲಾಸ್ (ವಸ್ತುಗಳನ್ನು ತಯಾರಿಸುವ ಅಚ್ಚು) ಬರೆದು ಪಾತ್ರಗಳ ಸ್ಥಿತಿಯನ್ನು ಅದರಲ್ಲಿ ಇಡುವವರು ಇನ್ನಷ್ಟು ಎಚ್ಚರವಾಗಿರಬೇಕು. ಸೇವ್ ತೆರೆಯುವಾಗ ಆ ಕ್ಲಾಸಿನಲ್ಲಿ ಆರಂಭಿಕ ಬೆಲೆ ಕೊಡುವ ಇನಿಟ್ ಭಾಗ ಮತ್ತೆ ಓಡುವುದಿಲ್ಲ. ಹಾಗಾಗಿ ಹೊಸದಾಗಿ ಸೇರಿಸಿದ ಗುಣ ಹಳೆಯ ವಸ್ತುವಿನಲ್ಲಿ ಇರುವುದೇ ಇಲ್ಲ. ಅದರ ಆರಂಭಿಕ ಬೆಲೆಯನ್ನು ಕ್ಲಾಸ್ ಮಟ್ಟದಲ್ಲೇ ಇಟ್ಟರೆ ಸರಿಹೋಗುತ್ತದೆ. ಕ್ಲಾಸಿನ ಹೆಸರು ಬದಲಿಸಿದರಂತೂ ಸೇವ್ ತೆರೆಯುವುದೇ ಇಲ್ಲ. ನಾನು ಕ್ಲಾಸ್‌ಗಳನ್ನು ಬಳಸುವುದಿಲ್ಲ. ನೂರಿನ್ನೂರು ಸರಳ ವೇರಿಯಬಲ್‌ಗಳು ನೋಡಲು ಚೆನ್ನಾಗಿರದಿದ್ದರೂ ಮೂರು ವರ್ಷ ಉಳಿಯುತ್ತವೆ.

ಕಾಲ್ ಹೇಳಿಕೆಯಿಂದ ಬೇರೆ ಲೇಬಲ್‌ಗೆ ಹೋಗಿ ವಾಪಸ್ ಬರುವ ಕಡೆಯಲ್ಲೆಲ್ಲ ಫ್ರಮ್ ಎಂಬ ಗುರುತು ಇರಬೇಕು. ಇಲ್ಲದಿದ್ದರೆ ಆ ಒಳದೃಶ್ಯದ ನಡುವೆ ಸೇವ್ ಮಾಡಿದವರಿಗೆ, ಸ್ಕ್ರಿಪ್ಟ್ ಬದಲಾದ ಮೇಲೆ, ಎಲ್ಲಿಗೆ ಮರಳಬೇಕೆಂಬುದು ಸಿಗುವುದಿಲ್ಲ. ಬಿಲ್ಡ್ ಮಾಡುವ ಪರದೆಯಲ್ಲೇ ಈ ಗುರುತುಗಳನ್ನು ತಾನಾಗಿ ಸೇರಿಸುವ ಆಯ್ಕೆಯಿದೆ. ಅದನ್ನು ಮೊದಲ ಬಿಡುಗಡೆಗೂ ಮುಂಚೆಯೇ ಆನ್ ಮಾಡಿ. ಸೇವ್ ಡೈರೆಕ್ಟರಿಯ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಬೇಡ. ಹೆಸರು ಬದಲಾದರೆ ಎಲ್ಲ ಸೇವ್‌ಗಳೂ ಕಾಣೆಯಾದಂತೆ ತೋರುತ್ತವೆ, ಬೆಂಬಲಿಗರ ಸಂದೇಶಗಳು ರಾತ್ರಿಯಿಡೀ ಬರುತ್ತವೆ.

ಪ್ರತಿ ಬಿಡುಗಡೆಯಿಂದ ಹತ್ತು ಹನ್ನೆರಡು ಸೇವ್‌ಗಳನ್ನು ಬೇರೆ ಫೋಲ್ಡರಿನಲ್ಲಿ ಎತ್ತಿಡುತ್ತೇನೆ: ಪ್ರತಿ ಹಾದಿಯ ಕೊನೆಯದೊಂದು, ಮೆನು ಮುಂದೆ ನಿಂತದ್ದೊಂದು, ಒಳದೃಶ್ಯದ ನಡುವಿನದೊಂದು, ಎಲ್ಲ ಪ್ರೇಮವನ್ನೂ ನಿರಾಕರಿಸಿದ್ದೊಂದು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಅತಿ ಹೆಚ್ಚು ದೋಷ ಸಿಗುವುದೂ ಅದರಲ್ಲೇ. ಬರೆಯುವವರ ಮನಸ್ಸಿನಲ್ಲಿ ನಾಯಕನಿಗೆ ಯಾರಾದರೂ ಒಬ್ಬರ ಜೊತೆ ಸಂಬಂಧ ಇದ್ದೇ ಇರುತ್ತದೆ, ಹಾಗಾಗಿ ಯಾರೂ ಇಲ್ಲದವನಿಗೆ ಸಂಭಾಷಣೆ ಬರೆಯುವುದು ಮರೆತುಹೋಗುತ್ತದೆ. ಹೊಸ ಬಿಲ್ಡ್‌ನಲ್ಲಿ ಈ ಸೇವ್‌ಗಳನ್ನೆಲ್ಲ ತೆರೆದು, ಶಿಫ್ಟ್ ಮತ್ತು ಓ ಒತ್ತಿ ಕನ್ಸೋಲ್‌ನಲ್ಲಿ ಮುಖ್ಯ ವೇರಿಯಬಲ್‌ಗಳನ್ನು ನೋಡಿ, ನಂತರ ಅಧ್ಯಾಯದ ಕೊನೆಯವರೆಗೆ ಸ್ಕಿಪ್ ಮಾಡುತ್ತೇನೆ. ಸ್ಕ್ರಿಪ್ಟಿನ ತಪ್ಪು ಹುಡುಕುವ ಲಿಂಟ್ ಓಡಿಸುವುದು ಇದಕ್ಕೂ ಮೊದಲು. ಇಲ್ಲದ ಚಿತ್ರ, ಇಲ್ಲದ ಲೇಬಲ್ ಅದರಲ್ಲೇ ಸಿಗುತ್ತವೆ.

ಇನ್ನು ಕಥೆ. ಹತ್ತು ಸ್ವತಂತ್ರ ಎರಡು-ದಾರಿ ಆಯ್ಕೆಗಳೆಂದರೆ 1,024 ಸ್ಥಿತಿಗಳು. ಎಲ್ಲಕ್ಕೂ ದೃಶ್ಯ ಬರೆಯಲು ಯಾರಿಗೂ ಆಗದು. ಈ ಪ್ರಕಾರದಲ್ಲಿ ಎಲ್ಲರೂ ಮೊದಲು ಹಿಡಿಯುವ ಸುಲಭ ದಾರಿ ಪ್ರೀತಿಯ ಅಂಕ: ಒಳ್ಳೆಯ ಮಾತಿಗೆ ಒಂದು ಅಂಕ, 15 ಅಂಕವಾದರೆ ಪ್ರೇಮದೃಶ್ಯ. ನನಗೆ ಇದು ಒಪ್ಪಿಗೆಯಿಲ್ಲ. 14 ಅಂಕ ಬಂದವರಿಗೆ ಬಾಗಿಲು ಮುಚ್ಚಿದ್ದೇ ತಿಳಿಯುವುದಿಲ್ಲ, ತಿಳಿದಾಗ ಮೂರು ಅಧ್ಯಾಯ ಹಿಂದೆ ಹೋಗಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಆ ಸಂಖ್ಯೆಯಿಂದ ಮುಂದಿನ ಸಂಭಾಷಣೆ ಬರೆಯಲು ಏನೂ ಸಿಗದು. ಅಂಕದ ಬದಲು ನಡೆದ ಘಟನೆಯನ್ನೇ ದಾಖಲಿಸಿ: ಉದಾಹರಣೆಗೆ, ನಾಯಕ ಮೀರಾ ಎಂಬ ಪಾತ್ರದ ಪತ್ರ ಓದಿದ್ದಾನೆಯೇ, ಓದಿದ್ದನ್ನು ಅವಳಿಗೆ ಹೇಳಿದ್ದಾನೆಯೇ. ನಾಲ್ಕು ಅಧ್ಯಾಯಗಳ ನಂತರ ಅವಳು ಆ ಪತ್ರದ ಮಾತೆತ್ತಿದಾಗ ಈ ಎರಡು ಹೌದು-ಅಲ್ಲಗಳಿಂದ ಮೂರು ಬಗೆಯ ಜಗಳ ಹುಟ್ಟುತ್ತದೆ. ಜನ ಚರ್ಚಿಸುವುದು ಅದನ್ನೇ.

ದಾರಿಗಳು ಕವಲೊಡೆದು ಮತ್ತೆ ಕೂಡಬೇಕು. ನಾನು ಇಟ್ಟುಕೊಂಡ ಅಳತೆ: 60 ಚಿತ್ರಗಳ ದೃಶ್ಯದಲ್ಲಿ ಆಯ್ಕೆಗೆ ತಕ್ಕಂತೆ ಬದಲಾಗುವುದು ಹತ್ತಕ್ಕಿಂತ ಹೆಚ್ಚಿರಬಾರದು, ಆದರೆ ಮಾತು ಅರ್ಧದಷ್ಟು ಬದಲಾಗಬಹುದು. ಪಠ್ಯ ಅಗ್ಗ, ರೆಂಡರ್ (ಮಾದರಿಗಳಿಂದ ಕಂಪ್ಯೂಟರ್ ತಯಾರಿಸುವ ಚಿತ್ರ) ದುಬಾರಿ. ಪೂರ್ತಿ ಬೇರೆಯಾಗುವ ದೃಶ್ಯ ಅಧ್ಯಾಯಕ್ಕೆ ಒಂದೋ ಎರಡೋ, ಅವೂ ಆಪ್ತ ದೃಶ್ಯಗಳೇ. ಆಪ್ತ ದೃಶ್ಯದಲ್ಲಿ ಇಬ್ಬರ ನಡುವಿನ ಹಿಂದಿನ ಕಥೆ ಕಾಣದಿದ್ದರೆ ಅದು ಯಾರದೋ ದೇಹಗಳಷ್ಟೇ ಆಗುತ್ತದೆ, ಬೆಂಬಲಿಗರೂ ಸ್ಕಿಪ್ ಒತ್ತುತ್ತಾರೆ. ಅಂಥ ದೃಶ್ಯದ ಮೊದಲು ಬಿಟ್ಟು ಮುಂದೆ ಹೋಗುವ ಆಯ್ಕೆ ಕೊಡಿ. ಬಿಟ್ಟವರಿಗೂ ಕಥೆಗೆ ಬೇಕಾದ ಸುಳಿವು ಮುಂದಿನ ದೃಶ್ಯದಲ್ಲಿ ಸಿಗುವಂತೆ ನೋಡಿಕೊಳ್ಳಿ.

ಚಿತ್ರಗಳಿಗೆ ಡಾಜ್ ಸ್ಟುಡಿಯೋ ಎಂಬ ಮೂರು ಆಯಾಮದ ತಂತ್ರಾಂಶ, ಅದರಲ್ಲಿ ಚಿತ್ರ ತಯಾರಿಸುವ ಐರೇ ರೆಂಡರರ್. ತಂತ್ರಾಂಶ ಉಚಿತ, ವೆಚ್ಚವಿರುವುದು ಪಾತ್ರ, ಉಡುಪು, ಕೊಠಡಿಗಳ ಸಿದ್ಧ ಮಾದರಿಗಳಾದ ಅಸೆಟ್‌ಗಳಿಗೆ ಮತ್ತು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿಗೆ. ರೆಂಡರ್ ಮಾಡಿದ ಚಿತ್ರವನ್ನು ಗೇಮಿನಲ್ಲಿ ಮಾರಲು ಡಾಜ್‌ನ ಸಾಮಾನ್ಯ ಪರವಾನಗಿ ಸಾಕು. ಮೂರು ಆಯಾಮದ ಮಾದರಿಯನ್ನೇ ಗೇಮಿನೊಳಗೆ ಇಡುವುದಾದರೆ ಬೇರೆ ಪರವಾನಗಿ ಬೇಕು. ಉಚಿತವಾಗಿ ಸಿಗುವ ಅಸೆಟ್‌ಗಳಲ್ಲಿ ವಾಣಿಜ್ಯ ಬಳಕೆಗೆ ಒಪ್ಪಿಗೆಯಿಲ್ಲದವೂ ಇರುತ್ತವೆ, ಓದಿ ಇಳಿಸಿಕೊಳ್ಳಿ. ದೃಶ್ಯವು ಕಾರ್ಡಿನ ಸ್ವಂತ ಮೆಮೊರಿಯಾದ ವಿ‌ರ‍್ಯಾಮ್ ಮೀರಿದರೆ ಐರೇ ಸದ್ದಿಲ್ಲದೆ ಸಿಪಿಯುಗೆ (ಕಂಪ್ಯೂಟರಿನ ಮುಖ್ಯ ಸಂಸ್ಕಾರಕಕ್ಕೆ) ಬೀಳುತ್ತದೆ, ನಿಮಿಷಗಳ ಕೆಲಸ ಗಂಟೆಗಳಾಗುತ್ತದೆ. ಬಿದ್ದಿದೆಯೇ ಎಂಬುದು ಲಾಗ್ ಫೈಲಿನಲ್ಲಿ ತಿಳಿಯುತ್ತದೆ. ಹಿನ್ನೆಲೆಯ ಪಾತ್ರಗಳ ಮೇಲೆ ಹೊದಿಸುವ 4096 ಪಿಕ್ಸೆಲ್‌ಗಳ ಟೆಕ್ಸ್‌ಚರ್‌ಗಳನ್ನು 2048ಕ್ಕೆ ಇಳಿಸಿ, ಕ್ಯಾಮೆರಾಗೆ ಕಾಣದ ಗೋಡೆ ಪೀಠೋಪಕರಣ ತೆಗೆದರೆ ಬಹುಪಾಲು ದೃಶ್ಯಗಳು ಹಿಡಿಸುತ್ತವೆ. ಚಿತ್ರದ ಕಾಳು ಅಳಿಸುವ ಡೀನಾಯ್ಸರ್ ಬೇಗ ಶುರುವಾದರೆ ಚರ್ಮ ಮೇಣದಂತಾಗುತ್ತದೆ, ಕೊನೆಯ ಸುತ್ತುಗಳಲ್ಲಿ ಮಾತ್ರ ಆನ್ ಆಗಲಿ. ಅದೇ ಚೌಕಟ್ಟಿನಲ್ಲಿ ಮುಖಭಾವ ಮಾತ್ರ ಬದಲಾಗಬೇಕಾದಾಗ ಸ್ಪಾಟ್ ರೆಂಡರ್‌ನಿಂದ ಮುಖದ ಭಾಗವಷ್ಟನ್ನೇ ಮಾಡಿ ಮೇಲೆ ಕೂರಿಸುತ್ತೇನೆ. ಕವಲುಗಳ ಖರ್ಚು ಇಳಿಯುವುದು ಇದರಿಂದಲೇ. 1920×1080ರ ಪಿಎನ್‌ಜಿ ಎರಡೂವರೆ ಎಂಬಿ ಇದ್ದರೆ 85–90 ಗುಣಮಟ್ಟದ ವೆಬ್‌ಪಿ ಸುಮಾರು 250 ಕೆಬಿ. 3,000 ಚಿತ್ರಗಳಿಗೆ ಏಳೂವರೆ ಜಿಬಿಯ ಜಾಗದಲ್ಲಿ ಮುಕ್ಕಾಲು ಜಿಬಿ. ಆಂಡ್ರಾಯ್ಡ್ ಬಿಲ್ಡ್ ಬೇಕೆನ್ನುವವರಿಗೆ ಇದು ಅನಿವಾರ್ಯ.

ಬೆಂಬಲದ ವಿಷಯಕ್ಕೆ ಬಂದರೆ, ನಿಯಮಗಳು ಮೊದಲು, ಹಣ ಆಮೇಲೆ. ಎಲ್ಲ ಪಾತ್ರಗಳೂ ವಯಸ್ಕರಾಗಿರಬೇಕು. ಪಠ್ಯದಲ್ಲಿ ಹೇಳಿದರಷ್ಟೇ ಸಾಲದು, ಮುಖ, ದೇಹ, ಉಡುಗೆ, ನಡವಳಿಕೆಯಲ್ಲೂ ಸಂಶಯಕ್ಕೆ ಎಡೆಯಿಲ್ಲದಂತೆ ಕಾಣಬೇಕು. ಇದು ವೇದಿಕೆಯ ನಿಯಮ ಎಂಬುದಕ್ಕೂ ಮೊದಲು ಕೆಲಸದ ಮರ್ಯಾದೆ. ಚಂದಾ ಕೂಡಿಸುವ ತಾಣವಾದ ಪೇಟ್ರಿಯಾನ್ ರಕ್ತಸಂಬಂಧಿಗಳ ಲೈಂಗಿಕತೆ, ಬಲವಂತದಂಥ ವಸ್ತುಗಳನ್ನು ನಿಷೇಧಿಸಿದೆ. ತನ್ನ ಪುಟದಲ್ಲಿರುವುದನ್ನಷ್ಟೇ ಅಲ್ಲ, ಆ ಚಂದಾದಿಂದ ನಡೆಯುವ ಗೇಮನ್ನೂ ನೋಡುತ್ತದೆ. 2025ರ ಆಗಸ್ಟ್ 4ರ ನಂತರ ಸೇರಿದವರಿಂದ ಅದು ಹಿಡಿಯುವುದು ಶೇಕಡಾ 10, ಪಾವತಿಯ ಶುಲ್ಕ ಬೇರೆ. ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ ಪ್ರತಿ ಗೇಮಿಗೆ 100 ಡಾಲರ್ ಕಟ್ಟಬೇಕು, 1,000 ಡಾಲರ್ ವಹಿವಾಟಾದ ಮೇಲೆ ಅದು ವಾಪಸ್ ಬರುತ್ತದೆ. ಯಾವುದೇ ಒಂದು ಕಡೆಯನ್ನೇ ನೆಚ್ಚುವುದು ಅಪಾಯ. 2025ರ ಜುಲೈನಲ್ಲಿ ಪಾವತಿ ಸಂಸ್ಥೆಗಳ ಒತ್ತಡಕ್ಕೆ ಸ್ಟೀಮ್ ಹಲವು ವಯಸ್ಕರ ಗೇಮುಗಳನ್ನು ತೆಗೆದುಹಾಕಿತು, ಗೇಮ್ ಹಂಚುವ ಇನ್ನೊಂದು ತಾಣ ಇಚ್ ಐಓ ವಯಸ್ಕರ ಗೇಮುಗಳನ್ನೆಲ್ಲ ಹುಡುಕಾಟದಿಂದ ಮರೆಮಾಡಿ ನಂತರ ಉಚಿತವಾದವನ್ನು ಮೊದಲು ಮರಳಿಸಿತು. ಬೆಂಬಲಿಗರನ್ನು ನೇರವಾಗಿ ತಲುಪಲು ಅವರ ಒಪ್ಪಿಗೆಯಿಂದ ಕಟ್ಟಿದ ಸ್ವಂತ ಇಮೇಲ್ ಪಟ್ಟಿ ಇರಲೇಬೇಕು.

ಹಂತಗಳು ಮೂರು ಸಾಕು. 5 ಡಾಲರಿಗೆ ಸಾರ್ವಜನಿಕರಿಗಿಂತ ಎರಡು ವಾರ ಮೊದಲು ಅಧ್ಯಾಯ, 10 ಡಾಲರಿಗೆ ಮೊದಲ ಪರೀಕ್ಷಾ ಬಿಲ್ಡ್, 20 ಡಾಲರಿಗೆ ದೃಶ್ಯಗಳ ಟಿಪ್ಪಣಿ ಮತ್ತು ಬಿಟ್ಟ ಕರಡುಗಳು. ಪ್ರತಿ ಹಂತಕ್ಕೂ ಬೇರೆ ಚಿತ್ರ, ಬೇರೆ ದೃಶ್ಯ ಎಂದು ಮಾತು ಕೊಟ್ಟರೆ ತಿಂಗಳ ಅರ್ಧ ಸಮಯ ಅದಕ್ಕೇ ಹೋಗಿ ಅಧ್ಯಾಯ ಹಿಂದೆ ಬೀಳುತ್ತದೆ. ತಿಂಗಳಿಡೀ ತೋರಿಸುವಂಥದ್ದೇನೂ ಆಗದಿದ್ದರೆ ಆ ತಿಂಗಳ ಬಿಲ್ಲಿಂಗ್ ನಿಲ್ಲಿಸಿಬಿಡಿ. ಪೇಟ್ರಿಯಾನ್‌ನಲ್ಲೇ ಆ ಸೌಲಭ್ಯವಿದೆ. ಕಥೆಯ ತಿರುವಿಗೆ ಮತ ಮಾರಬೇಡಿ. ಉಡುಪು, ವಾಲ್‌ಪೇಪರ್, ಯಾವ ಉಪಪಾತ್ರದ ಕಿರುದೃಶ್ಯ ಮೊದಲು ಎಂಬುದಕ್ಕೆ ಮತವಿರಲಿ. ಹಣದಿಂದ ಒಂದು ಪಾತ್ರದ ಮನಸ್ಸು ಬದಲಾಯಿತೆಂದು ತಿಳಿದ ದಿನ ಉಳಿದವರ ಆಯ್ಕೆಗಳಿಗೆ ಬೆಲೆ ಹೋಗುತ್ತದೆ.

ಚರ್ಚೆಗೆ ಡಿಸ್ಕಾರ್ಡ್‌ನಲ್ಲಿ ಅಧ್ಯಾಯಕ್ಕೊಂದು ಕೊಠಡಿ, ಹೆಸರಿನಲ್ಲೇ ಆವೃತ್ತಿ ಸಂಖ್ಯೆ. ಏಳನೇ ಅಧ್ಯಾಯದ ಕೊಠಡಿ ಸಾರ್ವಜನಿಕ ಬಿಡುಗಡೆಯವರೆಗೆ ಬೆಂಬಲಿಗರಿಗೆ ಮಾತ್ರ. ಹೇಗಿತ್ತು ಎಂದು ಕೇಳಿದರೆ ಹೊಗಳಿಕೆ ಬರುತ್ತದೆ, ಕೆಲಸಕ್ಕೆ ಬಾರದು. ನಾನು ಕೇಳುವುದು ಮೂರು: ಎಲ್ಲಿ ಓದುವುದು ನಿಲ್ಲಿಸಿದಿರಿ, ಯಾರನ್ನು ನಂಬಲಿಲ್ಲ, ಮುಂದೆ ಏನಾಗುತ್ತದೆ ಅನ್ನಿಸಿತು. ಮೂರನೆಯದಕ್ಕೆ ಬರುವ ಉತ್ತರಗಳನ್ನು ಸುಳಿವಿನ ಪಟ್ಟಿಯ ಪಕ್ಕ ಇಟ್ಟು ನೋಡುತ್ತೇನೆ. ಆ ಪಟ್ಟಿಯಲ್ಲಿ ಪ್ರತಿ ಸುಳಿವು ಯಾವ ಅಧ್ಯಾಯದಲ್ಲಿದೆ, ಯಾವ ಹಾದಿಯವರಿಗೆ ಅದು ಕಾಣುವುದೇ ಇಲ್ಲ ಎಂದು ಬರೆದಿರುತ್ತದೆ. ಒಂದು ಹಾದಿಯವರು ಮಾತ್ರ ರಹಸ್ಯ ಊಹಿಸಲಾಗದಿದ್ದರೆ ಅವರಿಗೆ ಸುಳಿವು ಸಿಕ್ಕಿಲ್ಲ ಎಂದರ್ಥ, ಮುಂದಿನ ಅಧ್ಯಾಯದಲ್ಲಿ ತುಂಬಿಕೊಡಬೇಕು. ಯಾರೋ ಸರಿಯಾಗಿ ಊಹಿಸಿದರೆಂದು ತಿರುವನ್ನೇ ಬದಲಿಸುವುದು ತಪ್ಪು; ಗಮನವಿಟ್ಟು ಓದಿದವರಿಗೆ ಅದು ಶಿಕ್ಷೆ. ಅತಿ ಬಿಸಿಯ ವಾದ ಏಳುವುದು ಸಂಗಾತಿಯ ದ್ರೋಹದ ಎಳೆಯ ಬಗ್ಗೆ. ಅಂಥದ್ದಿದ್ದರೆ ಅದು ಇದೆಯೇ, ತಪ್ಪಿಸಿಕೊಳ್ಳಬಹುದೇ, ಯಾವ ಆಯ್ಕೆಯಿಂದ ಎಂಬುದನ್ನು ಗೇಮಿನ ಪುಟದಲ್ಲೇ ಸ್ಪಷ್ಟವಾಗಿ ಬರೆದಿಡಿ. ರಹಸ್ಯ ಹೋಗುತ್ತದೆಂದು ಮುಚ್ಚಿಟ್ಟರೆ ವಿಶ್ವಾಸ ಹೋಗುತ್ತದೆ.

ಅಭಿಮಾನಿಗಳು ಅನುವಾದ ಮತ್ತು ಯಾವ ಆಯ್ಕೆಯಿಂದ ಏನಾಗುತ್ತದೆಂದು ತೋರಿಸುವ ವಾಕ್‌ಥ್ರೂ ಮಾಡ್‌ಗಳನ್ನೂ ಮಾಡುತ್ತಾರೆ. ಎರಡೂ ನಿಮ್ಮ ಲೇಬಲ್ ಹೆಸರುಗಳನ್ನು ಆಧರಿಸಿರುತ್ತವೆ, ಆದ್ದರಿಂದ ಬಿಡುಗಡೆಯಾದ ಲೇಬಲ್‌ನ ಹೆಸರು ಬದಲಿಸಬೇಡಿ. ರೆನ್‌ಪೈ ಪ್ರತಿ ಸಂಭಾಷಣೆಗೆ ಲೇಬಲ್ ಮತ್ತು ಸಾಲಿನ ಪಠ್ಯದಿಂದ ಒಂದು ಗುರುತು ಕಟ್ಟುತ್ತದೆ. ಒಂದು ಅಕ್ಷರ ತಿದ್ದಿದರೂ ಗುರುತು ಬದಲಾಗಿ ಆ ಸಾಲಿನ ಅನುವಾದ ಕಳಚುತ್ತದೆ. ಕಾಗುಣಿತ ತಿದ್ದುಪಡಿಗಳನ್ನೆಲ್ಲ ಕೂಡಿಟ್ಟು ಅಧ್ಯಾಯದ ಬಿಡುಗಡೆಯ ಜೊತೆ ಒಮ್ಮೆಲೇ ಹಾಕಿ, ಬದಲಾದ ಸಾಲುಗಳ ಪಟ್ಟಿಯನ್ನು ಅನುವಾದಕರಿಗೆ ಕೊಡಿ. ಕನ್ನಡದಂಥ ಒತ್ತಕ್ಷರದ ಲಿಪಿಗೆ ಅನುವಾದಿಸುವವರಿದ್ದರೆ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಸೇರಿರುವ ಹೊಸ ರೆನ್‌ಪೈ ಬೇಕು, ಹಳೆಯದರಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ.

ಬಿಡುಗಡೆಯ ಕ್ರಮ ಹೀಗೆ. ಮೊದಲು ಪರೀಕ್ಷಾ ಹಂತದವರಿಗೆ ಮೂರು ದಿನ. ದೋಷ ಹೇಳುವವರು ಮೂರು ಸಂಗತಿ ಕಳಿಸಬೇಕು: ಆವೃತ್ತಿ, ದೋಷದ ವಿವರವಿರುವ ಟ್ರೇಸ್‌ಬ್ಯಾಕ್ ಫೈಲ್, ದೋಷಕ್ಕೆ ಸ್ವಲ್ಪ ಮುಂಚಿನ ಸೇವ್. ಹೊಸ ರೆನ್‌ಪೈ ಬೇರೆ ಕಂಪ್ಯೂಟರಿನ ಸೇವ್ ತೆರೆಯುವಾಗ ಎಚ್ಚರಿಕೆ ತೋರಿಸುತ್ತದೆ. ಸೇವ್‌ನೊಳಗೆ ಕೋಡ್ ಅಡಗಿರಬಹುದು ಎಂಬುದೇ ಕಾರಣ, ಹಾಗಾಗಿ ಬಂದ ಸೇವ್‌ಗಳನ್ನು ಕೆಲಸದ ಯಂತ್ರದಲ್ಲಿ ತೆರೆಯದೆ ಅದರಿಂದ ಬೇರ್ಪಟ್ಟ ವರ್ಚುವಲ್ ಮೆಷಿನ್‌ನಲ್ಲಿ ತೆರೆಯುತ್ತೇನೆ. ತಿದ್ದುಪಡಿ ಬಂದಾಗ ಇಡೀ ಗೇಮ್ ಮತ್ತೆ ಇಳಿಸಿಕೊಳ್ಳುವಂತೆ ಮಾಡುವುದು ಬೇಡ; ಬದಲಾದ ಸ್ಕ್ರಿಪ್ಟ್ ಫೈಲುಗಳನ್ನಷ್ಟೇ ಗೇಮ್ ಫೋಲ್ಡರಿಗೆ ಹಾಕುವ ಸಣ್ಣ ಜಿಪ್ ಸಾಕು. ನಂತರ ಎತ್ತಿಟ್ಟ ಹಳೆಯ ಸೇವ್‌ಗಳನ್ನೆಲ್ಲ ಮತ್ತೊಮ್ಮೆ ತೆರೆದು ನೋಡಿ 5 ಡಾಲರಿನವರಿಗೆ, ಎರಡು ವಾರದ ಮೇಲೆ ಎಲ್ಲರಿಗೂ.